ಜಲಸಸ್ಯಗಳ ಸಾಕ್ಷ್ಯ

ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರಾಜಧಾನಿಯಾದ ಮ್ಯಾಡಿಸನ್ ನಗರದ ಮಗ್ಗುಲಲ್ಲಿ ಸುಮಾರು 40 ಚದರ ಕಿಲೋಮೀಟರ್ ಹರಡಿಕೊಂಡಿರುವ ಮೆಂಡೋಟ ಸರೋವರದಷ್ಟು ದೀರ್ಘಕಾಲ ವಿದ್ವಾಂಸರ ಪರೀಕ್ಷೆಗೆ ಒಳಗಾದ ಸರೋವರಗಳು ಲೋಕದಲ್ಲಿ ವಿರಳ. ಬರ್ಜ್ ಮತ್ತು ಜೂಡೇ ಎಂಬ ಪಂಡಿತರಿಬ್ಬರು ಅದರ ನೀರಿನ ಉಷ್ಣತೆಯನ್ನೂ ಅದರಲ್ಲಿ ಕರಗಿದ ಅನಿಲಗಳನ್ನೂ ಅಳೆಯುತ್ತಿದ್ದ ಕಾಲದಲ್ಲಿಯೇ, ಎಂದರೆ 1920ರ ದಶಕದಲ್ಲಿ, ಅಲ್ಲಿಯ ರಸಾಯನಶಾಸ್ತ್ರಜ್ಞರು ಜಲಸಸ್ಯಗಳ ಘಟಕದ್ರವ್ಯಗಳನ್ನು ವಿಶ್ಲೇಷಿಸಿ ಪ್ರಕಟಿಸಿದ್ದರು; ಅದು ಬಹುಮಟ್ಟಿಗೆ ಪಟ್ಟಿಯೇ ಸರಿ, ರೋಗನಿದಾನವಲ್ಲ.

ಸಸ್ಯಕ್ಕೆ ಪೋಷಕಾಂಶ ಎಷ್ಟು ದೊರೆಯುತ್ತಿದೆಯೆಂಬ ನಿದಾನದ ಮಾರ್ಗವನ್ನು 1966ರಲ್ಲಿ ತೋರಿಸಿದವರು ಗೆರ್ಲಾಫ್ ಮತ್ತು ಕ್ರೋಂಬ್‌ಹೋಲ್ಜ್ ಎಂಬ ಸಂಶೋಧಕರು. ಸೀಸೆಯಲ್ಲಿ ತುಂಬಿ ತಂದ ನೀರು ಆ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳಬಲ್ಲುದು. ಸಸ್ಯವಾದರೋ ತಾನು ಬೆಳೆದ ಋತುವಿನುದ್ದಕ್ಕೂ ದೊರೆತ ಪೋಷಕಾಂಶವನ್ನು ಅಂಗಾಂಶಗಳಲ್ಲಿ ಸಂಚಯಿಸಿಕೊಂಡಿರುತ್ತದೆ. ಪಟ್ಟಿಯಂಥ ನೀಳ ಎಲೆಗಳ ವ್ಯಾಲಿಸ್ನೇರಿಯದ ಒಣತೂಕದಲ್ಲಿ ಸಾರಜನಕವು ಶೇಕಡಾ 1.3ಕ್ಕಿಂತಲೂ ರಂಜಕವು ಶೇಕಡಾ 0.13ಕ್ಕಿಂತಲೂ ಕೆಳಗಿಳಿದರೆ ಬೆಳವಣಿಗೆ ಕುಗ್ಗುವುದೆಂದೂ, ಅದಕ್ಕೆ ಮೇಲ್ಪಟ್ಟುದು ಕೇವಲ ಐಶ್ವರ್ಯವೆಂದೂ ಅವರು ನಿರ್ಣಯಿಸಿದರು. ಬೇರುಳ್ಳ ಗಿಡಗಳು ರಂಜಕವನ್ನು ತಳದ ಕೆಸರಿನಿಂದಲೂ ಹೀರುವುದರಿಂದ, ಈ ಸಾಕ್ಷಿಯ ನುಡಿಯಲ್ಲಿ ನೀರಿನದೆಷ್ಟು, ಕೆಸರಿನದೆಷ್ಟು ಎಂಬುದನ್ನು ವಿವೇಚಿಸಿಯೇ ಸ್ವೀಕರಿಸಬೇಕು. ಆದರೂ ಬರಿಯ ನೀರಿನ ಪರೀಕ್ಷೆಗಿಂತ ಇದು ಮೇಲೆಂದೇ ನನ್ನ ಮತ.

ಈ ಪೋಷಕಾಂಶಗಳನ್ನು ಹೊತ್ತು ತರುತ್ತಿದ್ದ ಮೇಲ್ಭಾಗದ ಊರುಗಳ ಚರಂಡಿನೀರು ಮೆಂಡೋಟಕ್ಕೆ ಸೇರುವುದನ್ನು 1971ರಲ್ಲಿ ತಪ್ಪಿಸಲಾಯಿತು. ಹೊಲಗಳ ಗೊಬ್ಬರದಿಂದ ಹರಿದುಬರುವ ರಂಜಕ ಮಾತ್ರ ಇಂದಿಗೂ ನಿಂತಿಲ್ಲ.