ಗಿಬ್ಬನ್, ಜಾನ್ ಹೇಶಮ್

1903-1973. ಅಮೆರಿಕದ ಎದೆ ಹಾಗೂ ಹೃದಯದ ಶಸ್ತ್ರವೈದ್ಯ. ಹೃದಯ-ಶ್ವಾಸಕೋಶ ಯಂತ್ರದ ನಿರ್ಮಾತೃ. ಸೆಪ್ಟೆಂಬರ್ 29ರಂದು ಫಿಲಡೆಲ್ಫಿಯದಲ್ಲಿ, ತಲೆತಲಾಂತರದಿಂದ ವೈದ್ಯವೃತ್ತಿಯನ್ನೇ ನೆಚ್ಚಿದ್ದ ಮನೆತನದಲ್ಲಿ ಜನಿಸಿದನು. ತಂದೆಯೂ ಶಸ್ತ್ರವೈದ್ಯನೇ. ಸಾಹಿತ್ಯದ ಗೀಳು ಹತ್ತಿ ಓದನ್ನು ನಡುವೆಯೇ ಬಿಡಲು ಹೊರಟಿದ್ದ ಈತ, ತೊಡಗಿದ್ದನ್ನು ಮುಗಿಸೆಂಬ ತಂದೆಯ ಮಾತಿಗೆ ಕಟ್ಟುಬಿದ್ದು 1927ರಲ್ಲಿ ಜೆಫರ್ಸನ್ ವೈದ್ಯಕೀಯ ಕಾಲೇಜಿನ ಪದವಿ ಪಡೆದನು.

ಮುಂದೆ ಬಾಸ್ಟನ್ನಿನಲ್ಲಿ ಎಡ್ವರ್ಡ್ ಚರ್ಚಿಲ್ಲನ ಕೈಕೆಳಗೆ ಸಂಶೋಧನೆಯಲ್ಲಿ ನಿರತನಾಗಿದ್ದಾಗ, ಪಿತ್ತಕೋಶದ ಶಸ್ತ್ರಕ್ರಿಯೆಯ ತರುವಾಯ ನೆತ್ತರ ಹೆಪ್ಪೊಂದು ಪುಪ್ಪುಸಧಮನಿಯಲ್ಲಿ ಸಿಕ್ಕಿಕೊಂಡು ಉಸಿರಿಗಾಗಿ ಹೋರಾಡುತ್ತಿದ್ದ ಹೆಂಗಸೊಬ್ಬಳ ಮಗ್ಗುಲಲ್ಲಿ ಇರುಳೆಲ್ಲ ಕುಳಿತು, ಕಾಲುಗಂಟೆಗೊಮ್ಮೆ ನಾಡಿಯನ್ನೂ ರಕ್ತದೊತ್ತಡವನ್ನೂ ಬರೆದಿಡುವ ಕೆಲಸ ಈತನ ಪಾಲಿಗೆ ಬಂತು. ಬೆಳಗ್ಗೆ ಚರ್ಚಿಲ್ ಆರೂವರೆ ನಿಮಿಷದಲ್ಲಿ ಧಮನಿಯನ್ನು ಸೀಳಿ ಹೆಪ್ಪನ್ನು ತೆಗೆದನಾದರೂ ಆಕೆ ಉಳಿಯಲಿಲ್ಲ. ಕಪ್ಪಿಟ್ಟ ಆ ರಕ್ತವನ್ನು ಸಿರೆಯಿಂದ ಹೊರಕ್ಕೆ ಸೆಳೆದು, ಆಮ್ಲಜನಕವನ್ನೂಡಿಸಿ, ಧಮನಿಗೆ ಮರಳಿ ಹರಿಸುವಂತಿದ್ದರೆ ಆಕೆ ಬದುಕುತ್ತಿದ್ದಳೇನೋ ಎಂಬ ಆ ಇರುಳಿನ ಯೋಚನೆ ಇಪ್ಪತ್ತು ವರ್ಷಗಳಿಗೂ ಮೀರಿ ಈತನನ್ನು ದುಡಿಸಿತು.

ಈ ದುಡಿಮೆಯಲ್ಲಿ ಸಮಭಾಗಿನಿ ಪತ್ನಿ ಮೇರಿ. ಮದುವೆಗೆ ಮುಂಚೆ ಆಕೆ ಚರ್ಚಿಲ್ಲನ ಪ್ರಯೋಗಶಾಲೆಯ ಸಹಾಯಕಿ. ಯಂತ್ರದ ಪ್ರಯೋಗಗಳಿಗಾಗಿ ದಂಪತಿಗಳು ಮೀನಿನ ಆಸೆ ತೋರಿಸಿ ಬೀದಿಬೆಕ್ಕುಗಳನ್ನು ಚೀಲದಲ್ಲಿ ಹಿಡಿದು ತರುತ್ತಿದ್ದುದುಂಟು. 1935ರಲ್ಲಿ ಯಂತ್ರದ ಆಸರೆಯಿಂದ ಬೆಕ್ಕೊಂದು ಜೀವ ಹಿಡಿದು ನಿಂತಿತು. ಯುದ್ಧಸೇವೆಯನ್ನು ಮುಗಿಸಿ ಜೆಫರ್ಸನ್ನಿಗೆ ಪ್ರಾಧ್ಯಾಪಕನಾಗಿ ಮರಳಿದ ಮೇಲೆ ಐಬಿಎಂ ಸಂಸ್ಥೆಯ ಎಂಜಿನಿಯರುಗಳ ನೆರವು ದೊರೆತು, ಉಕ್ಕಿನ ತಂತಿಬಲೆಗಳ ಮೇಲೆ ರಕ್ತವು ತೆಳುಪೊರೆಯಾಗಿ ಇಳಿಯುತ್ತ ಆಮ್ಲಜನಕವನ್ನು ಹೀರಿಕೊಳ್ಳುವ ಏರ್ಪಾಟು ಸಿದ್ಧವಾಯಿತು.

1952ರ ಮೊದಲ ಪ್ರಯತ್ನದಲ್ಲಿ ರೋಗನಿರ್ಣಯವೇ ತಪ್ಪಾಗಿ ಶಿಶು ತೀರಿಕೊಂಡಿತು. 1953ರ ಮೇ 6ರಂದು 18 ವರ್ಷದ ಯುವತಿಯೊಬ್ಬಳ ಹೃತ್ಕರ್ಣಗಳ ನಡುಗೋಡೆಯ ರಂಧ್ರವನ್ನು ಹೊಲಿದು ಮುಚ್ಚುವಾಗ, 26 ನಿಮಿಷಗಳ ಕಾಲ ಆಕೆಯ ಹೃದಯ-ಪುಪ್ಪುಸಗಳ ಸಂಪೂರ್ಣ ಭಾರವನ್ನು ಯಂತ್ರವೇ ಹೊತ್ತಿತು. ಯುವತಿ ಗುಣಮುಖಳಾಗಿ ಮನೆಗೆ ಹೋದಳು. ಅದಾದ ಮೇಲಿನ ಎರಡು ಶಸ್ತ್ರಕ್ರಿಯೆಗಳಲ್ಲಿ ರೋಗಿಗಳು ಉಳಿಯದಿರಲು, ಗಿಬ್ಬನ್ ಈ ಚಿಕಿತ್ಸೆಯನ್ನೇ ನಿಲ್ಲಿಸಿಬಿಟ್ಟನು. ಇದನ್ನು ಅಧೈರ್ಯವೆನ್ನುವವರುಂಟು, ಹೊಸ ವಿದ್ಯೆಯ ಅಮಲಿನಲ್ಲಿ ಕತ್ತಿಯನ್ನು ಕೆಳಗಿಡುವುದು ಹಿಡಿಯುವುದಕ್ಕಿಂತ ಕಷ್ಟವೆಂಬುದನ್ನು ಅವರು ಗಮನಿಸಿದಂತಿಲ್ಲ. 1955ರಿಂದ ಮೇಯೋ ಕ್ಲಿನಿಕ್ಕಿನ ಜಾನ್ ಕರ್ಕ್ಲಿನ್ ಇದೇ ಯಂತ್ರವನ್ನು ಸುಧಾರಿಸಿ ಬಳಕೆಗೆ ತಂದನು.

ಎದೆಯ ಶಸ್ತ್ರಚಿಕಿತ್ಸೆಯನ್ನು ಕುರಿತು ಗಿಬ್ಬನ್ ಸಂಪಾದಿಸಿದ ಬೃಹದ್ಗ್ರಂಥ 1962ರಲ್ಲಿ ಪ್ರಕಟವಾಯಿತು. 1968ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. 1973ರ ಫೆಬ್ರವರಿ 5ರಂದು ಟೆನ್ನಿಸ್ ಆಡುತ್ತಿದ್ದಾಗ ಹೃದಯಾಘಾತದಿಂದ ಮರಣ ಹೊಂದಿದನು.