ದೇಶದ ಗ್ರಂಥಭಂಡಾರ ಗಣಕಯಂತ್ರಕ್ಕೆ ಬಂದ ಕಥೆ

ಗೆದ್ದಲು, ಮಳೆನೀರು, ತೆಗೆದುಕೊಂಡು ಹೋದವರು ಹಿಂದಿರುಗಿಸದ ಪುಸ್ತಕ: ಇವು ಎಲ್ಲ ಗ್ರಂಥಾಲಯಗಳಿಗೂ ಪರಿಚಿತವಾದ ಕಷ್ಟಗಳು. ಇವುಗಳಿಂದ ದೇಶದ ಪುಸ್ತಕಗಳನ್ನು ಕಾಪಾಡಿ, ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಗಣಕಯಂತ್ರದ ಮೂಲಕ ತಲುಪಿಸುವ ದೊಡ್ಡ ಪ್ರಯತ್ನವೊಂದು ಈ ಶತಮಾನದ ಆರಂಭದಲ್ಲಿ ನಮ್ಮ ಬೆಂಗಳೂರಿನಿಂದಲೇ ನಡೆಯಿತು. ಅದರ ಇತಿಹಾಸದಲ್ಲಿ ನಮ್ಮ ಶಾಲೆಯೂ ಕಲಿಯಬೇಕಾದ ಪಾಠವೊಂದಿದೆ.

ಆಂಧ್ರದ ಚಿತ್ತೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, 1994ರಲ್ಲಿ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದವರು ರಾಜ್ ರೆಡ್ಡಿ. ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಕೊಡಬೇಕೆಂಬ ಯೋಜನೆಯ ಮುಂದಾಳು ಅವರೇ. ಅಮೆರಿಕ, ಚೀನಾ, ಭಾರತ ಇದರಲ್ಲಿ ಕೈಜೋಡಿಸಿದವು. ಭಾರತದ ಹೊಣೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಬಾಲಕೃಷ್ಣನ್ ಹೊತ್ತರು. 2003ರಲ್ಲಿ ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ವನ್ನು ಉದ್ಘಾಟಿಸಿದರು.

ದೇಶದ ಹಲವೆಡೆ ಸ್ಕ್ಯಾನಿಂಗ್ ಕೇಂದ್ರಗಳು ತೆರೆದವು. ಪುಟ ಹರಿಯದಂತೆ ಪುಸ್ತಕವನ್ನು ಬಿಡಿಸಿಟ್ಟು ಚಿತ್ರ ತೆಗೆಯುವುದು, ಓರೆಯಾದ ಪುಟವನ್ನು ನೇರ ಮಾಡುವುದು, ಅಂಚಿನ ಕಲೆ ಅಳಿಸುವುದು, ಹೆಸರು, ಲೇಖಕ, ವರ್ಷಗಳನ್ನು ದಾಖಲಿಸುವುದು: ಇಷ್ಟೂ ಮನುಷ್ಯರ ಕೈಕೆಲಸವೇ. ಹೀಗೆ ಲಕ್ಷಾಂತರ ಪುಸ್ತಕಗಳು ಸೇರಿದವು. ಯಾವ ಅಂಗಡಿಯಲ್ಲೂ ಸಿಗದ ಹಳೆಯ ಕನ್ನಡ ಪುಸ್ತಕಗಳೂ ಅವುಗಳಲ್ಲಿದ್ದವು. ಅಂಥ ಪುಸ್ತಕ ನೋಡಲು ಮೈಸೂರಿಗೋ ಧಾರವಾಡಕ್ಕೋ ಬಸ್ಸು ಹತ್ತಬೇಕಿದ್ದ ಸಂಶೋಧಕರಿಗೆ ಅದು ಮನೆಯಲ್ಲೇ ಸಿಗುವಂತಾಯಿತು.

ಆದರೆ ಕೊರತೆಗಳೂ ಇದ್ದವು. ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಎಷ್ಟೋ ಸಲ ತಪ್ಪುತಪ್ಪಾಗಿ ನಮೂದಿಸಲಾಗಿತ್ತು. ಪುಸ್ತಕ ಇದ್ದರೂ ಹುಡುಕಿದವರಿಗೆ ಸಿಗುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರು ತಪ್ಪಿದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮಾನ.

ಇನ್ನೊಂದು ತೊಡಕು ಹಕ್ಕುಸ್ವಾಮ್ಯದ್ದು. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಅವರ ವಾರಸುದಾರರದು. 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ ಅವರ ನಾಟಕಗಳು 2007ರಿಂದ ಎಲ್ಲರ ಸ್ವತ್ತು. 1981ರಲ್ಲಿ ಅಗಲಿದ ಬೇಂದ್ರೆಯವರ ಬರಹಗಳ ಹಕ್ಕು 2041ರ ಕೊನೆಯವರೆಗೂ ಇರುತ್ತದೆ. ಹೀಗೆ ಪುಸ್ತಕದಿಂದ ಪುಸ್ತಕಕ್ಕೆ ಲೆಕ್ಕ ಹಾಕಬೇಕು. ಹಕ್ಕುಸ್ವಾಮ್ಯದ ತಕರಾರುಗಳ ನಡುವೆ 2017ರ ಸುಮಾರಿಗೆ ಆ ತಾಣ ಮುಚ್ಚಿತು. ಯಾರ ತಕರಾರೂ ಇಲ್ಲದ ನೂರು ವರ್ಷದ ಹಳೆಯ ಪುಸ್ತಕಗಳೂ ಅದರೊಂದಿಗೆ ಕಣ್ಮರೆಯಾದವು.

ಆದರೂ ಅವು ಪೂರ್ತಿ ಕಳೆದುಹೋಗಲಿಲ್ಲ. ಅಮೆರಿಕದ ಕಾರ್ಲ್ ಮಲಮೂಡ್ ಎಂಬವರು ಅದಕ್ಕೆ ಮೊದಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿ ಮಾಡಿ ‘ಇಂಟರ್ನೆಟ್ ಆರ್ಕೈವ್’ನಲ್ಲಿ ಇರಿಸಿದ್ದರು. ಇಂದು ಹಳೆಯ ಕನ್ನಡ ಪುಸ್ತಕ ಹುಡುಕುವವರಿಗೆ ಸಿಗುವುದು ಬಹುಪಾಲು ಅಲ್ಲೇ. ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗದ ಸ್ವಯಂಸೇವಕರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಲ್ಲಿಗೆ ಸೇರಿಸುತ್ತಿದ್ದಾರೆ. ಪುಸ್ತಕಗಳು ಉಳಿದದ್ದು ಇನ್ನೊಂದು ಕಡೆ ಪ್ರತಿ ಇದ್ದುದರಿಂದ.

ಸರ್ಕಾರವೂ ಬೇರೆ ದಾರಿಗಳನ್ನು ಹಾಕಿತು. 2009ರ ಯುಜಿಸಿ ನಿಯಮದಿಂದಾಗಿ ಪಿಎಚ್.ಡಿ. ಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ಕ್ಕೆ ಬರತೊಡಗಿದವು. ಖರಗಪುರ ಐಐಟಿ ಕಟ್ಟಿದ ‘ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ’ 2018ರ ಜೂನ್ 19ರಂದು ಲೋಕಾರ್ಪಣೆಯಾಯಿತು. ಇದು ಹೆಚ್ಚಾಗಿ ಹಲವು ಸಂಸ್ಥೆಗಳ ಪಟ್ಟಿಗಳನ್ನು ಒಟ್ಟುಗೂಡಿಸಿ, ಪುಸ್ತಕ ಇರುವ ಕಡೆಗೆ ದಾರಿ ತೋರಿಸುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ದೇಶ ಒಂದು ಚಂದಾ’ ಯೋಜನೆಯಡಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯಲ್ಲಿ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸುಮಾರು 13,000 ಸಂಶೋಧನಾ ಪತ್ರಿಕೆಗಳು ದೊರೆಯುತ್ತವೆ. ಇದು ಒಳ್ಳೆಯದೇ. ಆದರೆ ಚಂದಾ ಕೊಟ್ಟು ಓದುವುದು ಬೇರೆ, ನಮ್ಮದೇ ಭಂಡಾರ ಕಟ್ಟಿಕೊಳ್ಳುವುದು ಬೇರೆ. ನಮ್ಮ ಊರಿನ ಬಗ್ಗೆ, ನಮ್ಮ ಭಾಷೆಯಲ್ಲಿ ಬರೆದದ್ದನ್ನು ಹೊರಗಿನ ಪ್ರಕಾಶಕರು ಉಳಿಸಿಕೊಡುವುದಿಲ್ಲ.

ಇಲ್ಲೇ ನಮ್ಮ ಶಾಲೆಯ ಮಾತು ಬರುತ್ತದೆ. ಹಳ್ಳಿಯ ಶಾಲೆಗಳ ಚರಿತ್ರೆ ಇಂಥ ಸ್ಮರಣ ಸಂಚಿಕೆಗಳಲ್ಲಿ ಮಾತ್ರ ಅಚ್ಚಾಗುತ್ತದೆ. ಸಮಾರಂಭ ಮುಗಿದ ಮೇಲೆ ಅವು ಮನೆಮನೆಯ ಅಟ್ಟ ಸೇರುತ್ತವೆ. ಆದ್ದರಿಂದ ಸಂಚಿಕೆಯ ಸಮಿತಿಯವರಲ್ಲಿ ನಾಲ್ಕು ವಿನಂತಿಗಳು. ಇದರ ಬರಹವನ್ನು ಯೂನಿಕೋಡ್ ಅಕ್ಷರಗಳಲ್ಲಿಯೂ ಇಡಿ. ಪುಟದ ಚಿತ್ರ ಮಾತ್ರ ಇದ್ದರೆ ಅದರೊಳಗಿನ ಹೆಸರನ್ನು ಗಣಕಯಂತ್ರದಲ್ಲಿ ಹುಡುಕುವುದು ಕಷ್ಟ. ಪ್ರತಿ ಛಾಯಾಚಿತ್ರದ ಕೆಳಗೆ ಇರುವವರ ಹೆಸರು, ವರ್ಷ ಬರೆಯಿರಿ. ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಶಾಲೆಯಲ್ಲಿ ಒಂದು, ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಒಂದು, ಲೇಖಕರ ಒಪ್ಪಿಗೆ ಪಡೆದು ಸಾರ್ವಜನಿಕ ತಾಣದಲ್ಲಿ ಒಂದು, ಹೀಗೆ ಮೂರು ಕಡೆ ಪ್ರತಿ ಇರಲಿ. 1954ರ ಕಾಯ್ದೆಯಂತೆ ಪ್ರಕಟವಾದ ಪುಸ್ತಕದ ಪ್ರತಿ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಅಲ್ಲಿಗೂ ಒಂದನ್ನು ಅಂಚೆಗೆ ಹಾಕಿ.

ಶತಮಾನೋತ್ಸವಕ್ಕೆ ಸಂಚಿಕೆ ತರುವ ಮಕ್ಕಳು ಇನ್ನೂ ಹುಟ್ಟಿಲ್ಲ. ನಮ್ಮ ಮೇಷ್ಟರುಗಳ ಹೆಸರನ್ನು ಅವರು ಹುಡುಕಿದಾಗ ಅದು ಸಿಗಬೇಕು.