ಸುಟ್ಟ ಅರಮನೆ, ಹೂತ ಕಾಲುವೆ, ಬಾಗಿಲು ಹಾಕಿದ ಲ್ಯಾನ್ಸ್‌ಡೌನ್

ಯಾರು ಕಟ್ಟಿಸಿದರು, ಯಾವಾಗ ಕಟ್ಟಿಸಿದರು ಅನ್ನೋದನ್ನ ಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಬಂದವರು ನಾವು. ಇವತ್ತು ಉಲ್ಟಾ ಹೋಗೋಣ. ಏನು ಬಿತ್ತು, ಯಾವುದನ್ನ ಬೀಳಿಸಿದರು ಅನ್ನೋ ಎಳೆ ಹಿಡಿದು ಮೈಸೂರನ್ನ ನೋಡೋಣ.

ಟಿಪ್ಪು ಸುಲ್ತಾನ್ ಮೈಸೂರಿನ ಹಳೇ ಕೋಟೆಯನ್ನ ಕೆಡವಿಸಿ, ಅದೇ ಕಲ್ಲನ್ನ ಹತ್ತಿರದ ದಿಬ್ಬಕ್ಕೆ ಸಾಗಿಸಿ, ನಜರ್‌ಬಾದ್ ಅಂತ ಹೊಸ ಕೋಟೆ ಕಟ್ಟಿಸೋಕೆ ಹೊರಟಿದ್ದರು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಜೂನ್ 30ಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ್‌ಗೆ ಪಟ್ಟ ಕಟ್ಟಬೇಕು ಅಂದಾಗ ಮೈಸೂರಲ್ಲಿ ಅದಕ್ಕೆ ತಕ್ಕ ಕಟ್ಟಡವೇ ಇಲ್ಲ. ಚಪ್ಪರದ ಕೆಳಗೆ ಪಟ್ಟಾಭಿಷೇಕ ಆಯ್ತು. ಆಮೇಲೆ ನಜರ್‌ಬಾದಿನ ಕಲ್ಲನ್ನ ವಾಪಸ್ ತಂದು ಹಳೇ ಜಾಗದಲ್ಲೇ ಕೋಟೆ ಎಬ್ಬಿಸಿದರು. ಬಿ.ಕಾಂ. ಓದಿದ ನನಗೆ ಇದು ಸ್ಟಾಕ್ ಟ್ರಾನ್ಸ್‌ಫರ್ ಥರ ಕಾಣುತ್ತೆ. ಸರಕು ಅದೇ, ಗೋಡೌನ್ ಬೇರೆ. ಆ ಹೊರೆ ಎರಡು ಸಲ ಹೊತ್ತವರ ಕೂಲಿ ಲೆಕ್ಕ ಯಾರಿಟ್ಟರೋ.

ಆಗ ಅವಸರದಲ್ಲಿ ಎದ್ದಿದ್ದು ಮರದ ಅರಮನೆ. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿತ್ತು. ಮಹಾರಾಜ ಚಾಮರಾಜೇಂದ್ರ ಒಡೆಯರ್ ತೀರಿಕೊಂಡು ಇನ್ನೂ ಮೂರು ವರ್ಷ ಆಗಿರಲಿಲ್ಲ, ಮಗ ಚಿಕ್ಕವನು, ರಾಜ್ಯ ನೋಡಿಕೊಳ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ. ಶಿಮ್ಲಾದಲ್ಲಿ ವೈಸ್‌ರಾಯ್ ಬಂಗಲೆಯ ವಿನ್ಯಾಸ ಮಾಡಿದ್ದ ಹೆನ್ರಿ ಇರ್ವಿನ್‌ಗೆ ಹೊಸ ಅರಮನೆ ವಹಿಸಿದರು. ಅದೇ ವರ್ಷ ಕೆಲಸ ಶುರು, ಮುಗಿದಿದ್ದು 1912ಕ್ಕೆ. ಅಲ್ಲೀವರೆಗೆ ರಾಜಮನೆತನ ಇದ್ದದ್ದು ಜಗನ್ಮೋಹನ ಅರಮನೆಯಲ್ಲಿ. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದೂ ಅಲ್ಲೇ.

ಮುಂದಿನ ಸಲ ಅರಮನೆಗೆ ಹೋದಾಗ ಬೆಂಕಿಯ ಗುರುತು ಹುಡುಕಿ ನೋಡಿ. ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆ ಎತ್ತಿ ನವಿಲಿನ ಗಾಜು ನೋಡ್ತಾರೆ. ಅದನ್ನ ಹೊತ್ತಿರೋ ಕಂಬಗಳನ್ನ ಮುಟ್ಟಿ ನೋಡೋರು ಕಡಿಮೆ. ಅವು ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣ. ಎಲ್ಲೆಲ್ಲೂ ಕಲ್ಲು, ಇಟ್ಟಿಗೆ, ಕಬ್ಬಿಣ. ಮರ ಇರೋದು ಬಾಗಿಲು, ಚಾವಣಿಯ ಕುಸುರಿ ಇಂಥ ಕಡೆ. ಆದ್ರೆ ಸುಟ್ಟ ಅರಮನೆ ಪೂರ್ತಿ ಹೋಯ್ತು ಅಂತಲ್ಲ. ದಸರಾದಲ್ಲಿ ದೊರೆ ಸಿಂಹಾಸನದ ಮೇಲೆ ಕೂತು ಜನರಿಗೆ ಕಾಣಿಸಿಕೊಳ್ಳೋಕೆ ಅದರ ಮುಂಭಾಗದಲ್ಲಿ ತೆರೆದ ಸಜ್ಜೆ ಇತ್ತು. ಇರ್ವಿನ್ ಗುಮ್ಮಟ, ಕಮಾನು ಏನೇ ತಂದಿರಲಿ, ಮೊದಲ ಮಹಡಿಯ ದರ್ಬಾರ್ ಹಾಲ್ ಇವತ್ತಿಗೂ ಮೈದಾನಕ್ಕೆ ತೆರೆದುಕೊಂಡೇ ಇದೆ. ನನ್ನ ಮಟ್ಟಿಗೆ ಇಡೀ ಕಟ್ಟಡದ ಜಾಣತನ ಅಲ್ಲಿದೆ.

ಬೆಂಕಿಯ ಹಿಂದೆಯೇ ಪ್ಲೇಗ್ ಬಂತು. 1903ರಲ್ಲಿ ನಗರಾಭಿವೃದ್ಧಿಗೆ ಅಂತಲೇ ಟ್ರಸ್ಟ್ ಬೋರ್ಡ್ ಆಯ್ತು, ದೇಶದ ಮೊದಮೊದಲ ಇಂಥ ಸಂಸ್ಥೆಗಳಲ್ಲಿ ಒಂದು. ಚಾಮರಾಜಪುರಂ, ಕೃಷ್ಣಮೂರ್ತಿಪುರಂನಂಥ ಬಡಾವಣೆಗಳ ನೇರ ರಸ್ತೆ, ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳೆಲ್ಲ ಆ ಕಾಲದ ಯೋಚನೆ. ಕೋಟೆಯೊಳಗೆ ಒತ್ತೊತ್ತಾಗಿದ್ದ ಮನೆಗಳೂ ಎದ್ದುಹೋದವು. ಈಗ ನಾವು ಸೆಲ್ಫಿ ತಗೊಳ್ಳೋ ವಿಶಾಲ ಅಂಗಳ, ಹುಲ್ಲುಹಾಸು ಇದೆಯಲ್ಲ, ಅಲ್ಲಿ ಬೀದಿಗಳಿದ್ದವು. ಅರಮನೆಗೆ ಆದ ಖರ್ಚು 41,47,913 ರೂಪಾಯಿ ಅಂತ ಗೈಡ್‌ಗಳು ಕೊನೇ ರೂಪಾಯಿವರೆಗೂ ಹೇಳ್ತಾರೆ. ಆ ಬೀದಿಗಳ ಮಾತು ಬರೋದೇ ಇಲ್ಲ. ಹಾಗೇ ಜಂಬೂ ಸವಾರಿ ಸಾಗೋ ಸಯ್ಯಾಜಿರಾವ್ ರಸ್ತೆ ಕೂಡ. ದಿವಾನ್ ಪೂರ್ಣಯ್ಯ ಕಾವೇರಿ ನೀರು ತರೋಕೆ ತೋಡಿಸಿ, ಕೈಗೂಡದೆ ಉಳಿದು, ಕೊನೆಗೆ ಚರಂಡಿಯಾಗಿದ್ದ ನಾಲೆಯನ್ನ ಮುಚ್ಚಿ ಆದ ರಸ್ತೆ ಅದು.

ಈಗ ಆ ರಸ್ತೆಗೆ ಬರೋಣ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಆವತ್ತಿಂದ ರಿಪೇರಿನಾ, ಕೆಡವೋದಾ ಅನ್ನೋ ಜಗಳ. ಒಂದು ಸಮಿತಿ ಹೀಗೆ, ಇನ್ನೊಂದು ಹಾಗೆ, ಮಧ್ಯೆ ಹೈಕೋರ್ಟು. ಕೆಡವಿ ಹಳೇ ಥರಾನೇ ಕಟ್ಟಿಕೊಡ್ತೀವಿ ಅನ್ನೋದು ಅಧಿಕಾರಿಗಳ ವಾದ. ಅದಕ್ಕೆ ಅರಮನೆಯ ಉದಾಹರಣೆ ಕೊಡೋರೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮರದ ಅರಮನೆ ಸುಟ್ಟೇ ಹೋಗಿತ್ತು, ಬೇರೆ ದಾರಿ ಇರಲಿಲ್ಲ. ಮಾರುಕಟ್ಟೆಯ ಬಹುಭಾಗ ನಿಂತೇ ಇತ್ತು, ರಿಪೇರಿಗೆ ಕೈ ಹಾಕಬಹುದಿತ್ತು. ಇನ್ನೊಂದು, ಇರ್ವಿನ್ ನಕಲು ಮಾಡಲಿಲ್ಲ. ತಮ್ಮ ಕಾಲದ ಸಾಮಗ್ರಿಯಲ್ಲಿ, ತಮ್ಮ ಕಾಲದ ಕಟ್ಟಡವನ್ನೇ ಕಟ್ಟಿದರು.

ಮಾರುಕಟ್ಟೆಯಲ್ಲಿ ಗೋಡೆಗಿಂತ ಮುಖ್ಯವಾದ್ದು ಕೂತಿರೋ ಜನ. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಕುಂಕುಮದ ಗುಡ್ಡೆ, ಯಾವುದು ಯಾವ ಸಾಲಲ್ಲಿ ಅಂತ ಮೈಸೂರಿನವರ ಕಾಲಿಗೇ ಗೊತ್ತು. ಕೆಡವೋದೇ ಆದ್ರೆ ಹೂವಿನ ಸಾಲಿನವರು ಅಲ್ಲೀವರೆಗೆ ಎಲ್ಲಿ ಕೂರ್ತಾರೆ, ಹೊಸದರಲ್ಲಿ ಅದೇ ಜಾಗ ಸಿಗುತ್ತಾ, ಬಾಡಿಗೆ ಎಷ್ಟು? ಮೊದಲ ಗೋಡೆಗೆ ಜೆಸಿಬಿ ತಾಗೋ ಮುಂಚೆ ಈ ಮೂರನ್ನ ಕಾಗದದ ಮೇಲೆ ಬರೆದು, ಸಹಿ ಹಾಕಿ, ಅಂಗಡಿ ಅಂಗಡಿಗೂ ಕೊಡಲಿ.